ಸಾಕೋಕೆಂದು ಕೊಂಡ ಹೋತಗಳು

ಗುಂಡ್ಲುಪೇಟೆಯಿಂದ ಹೋತ ಕೊಳ್ಳಲು ಬರುತ್ತಿದ್ದ ಮುದುಕ ನಮ್ಮ ಮನೆಯಲ್ಲಿ ಮೊದಲು ಒಂದು ಸುಳ್ಳು ಹೇಳಬೇಕಿತ್ತು. ಹೇಳದಿದ್ದರೆ ಹೋತ ಸಿಗುತ್ತಿರಲಿಲ್ಲ.

ಅವನು ಬಂದು ಚಪ್ಪಲಿ ಬಿಟ್ಟು ಜಗಲಿಯ ತುದಿಯಲ್ಲಿ ಕೂರುವನು. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಆಡಿನ ರೊಪ್ಪದ ಬಾಗಿಲಲ್ಲಿ ನಿಂತು ಕೇಳುವಳು.

"ಯಾತಕ್ಕಣ್ಣ ಓತ?"

"ಸಾಕೋಕೆ ಕಣಕ್ಕ."

"ವಸಿ ಚೆಂದಾಗಿ ನೋಡ್ಕತೀಯಾ?"

"ಮನೆ ಕೂಸಿನಂಗೆ."

ಅಷ್ಟಾದ ಮೇಲೆ ಅತ್ತೆ ಹೋತದ ಕೊರಳಿಂದ ತನ್ನ ಹಗ್ಗ ಬಿಚ್ಚುವಳು, ಅವನು ತನ್ನ ಹಗ್ಗ ಹಾಕುವನು. ಒಂದು ಹಿಡಿ ಅಗಸೆ ಸೊಪ್ಪು ತಿನ್ನಿಸಿ, ಬೆನ್ನು ಸವರಿ, ಅವಳು ಒಳಕ್ಕೆ ಹೋಗಿಬಿಡುವಳು. ಹೋತ ಅಂಗಳ ದಾಟುವುದನ್ನು ಅವಳು ಎಂದೂ ನೋಡಿದವಳಲ್ಲ.

ಆ ಮುದುಕನಿಗೆ ಗುಂಡ್ಲುಪೇಟೆಯಲ್ಲಿ ಮಾಂಸದ ಅಂಗಡಿ ಇತ್ತು. ಅದು ಅಪ್ಪನಿಗೆ ಗೊತ್ತು, ನನಗೆ ಗೊತ್ತು, ಊರಿಗೆಲ್ಲ ಗೊತ್ತು. ಅವನು ಕೊಂಡ ಹೋತ ಇನ್ನೊಂದು ಸೋಮವಾರ ಕಾಣುತ್ತಿರಲಿಲ್ಲ. ಹಾಗಿದ್ದೂ ಈ ನಾಲ್ಕು ಮಾತು ಪ್ರತಿ ಸಲವೂ ನಡೆಯಬೇಕು. ಯಾಕೆಂದರೆ ನಾವು ಲಿಂಗ ಕಟ್ಟಿದವರು, ಮಾಂಸ ಮುಟ್ಟದವರು. ನಮ್ಮವರ ಮನೆಯಲ್ಲಿ ಎಮ್ಮೆ ಇರುತ್ತದೆ, ಎತ್ತಿರುತ್ತದೆ. ಕಡಿಯುವುದಕ್ಕೆ ಮಾರುವ ಆಡು ಇರುವುದಿಲ್ಲ.

ನಮ್ಮಲ್ಲಿ ಇದ್ದುದಕ್ಕೆ ಕಾರಣ ಅತ್ತೆ. ಅವಳನ್ನು ಕುದೇರಿಗೆ ಕೊಟ್ಟಿದ್ದರು. ಮೂರು ವರ್ಷಕ್ಕೆ ಗಂಡ ಸತ್ತ, ಮಕ್ಕಳಿಲ್ಲ, ತವರಿಗೆ ಬಂದಳು. ತಾತ ಅವಳಿಗೆ ಹೊಲ ಕೊಡಲಿಲ್ಲ, ಹೊಲ ಗಂಡುಮಕ್ಕಳದ್ದು. ಊರಾಚೆಯ ಬೋರೆಯನ್ನು ತೋರಿಸಿ, ಅಲ್ಲಿ ಉಳುವುದಕ್ಕೆ ಬರುವುದಿಲ್ಲ, ಬರೀ ಕಲ್ಲು, ಕಾರೆ ಮುಳ್ಳು, ಜಾಲಿ, "ನೀನು ಇಲ್ಲಿ ಮೇಯಿಸ್ಕೊ" ಎಂದು ಮೂರು ಹೆಣ್ಣಾಡು ಹಿಡಿಸಿಕೊಟ್ಟ. ನೆಂಟರು ಹುಬ್ಬು ಹಾರಿಸಿದರು. ಊರಿನ ಅಯ್ಯನವರು ಕೂತು ಯೋಚಿಸಿ, ಸಾಕುವವರಿಗೆ ಕೊಟ್ಟರೆ ದೋಷವಿಲ್ಲ ಎಂದು ದಾರಿ ಮಾಡಿಕೊಟ್ಟರು. ಅಲ್ಲಿಂದ ಆ ಪ್ರಶ್ನೆ, ಆ ಉತ್ತರ. ಇದು ವಾದವಲ್ಲ, ವಾದದ ವೇಷ ಎಂದು ನಾನು ಆಗ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಮೂರು ಆಡು ಐವತ್ತರ ಹತ್ತಿರ ಬಂದಿತ್ತು. ಆ ಮಂದೆಯ ಬಲದಿಂದ ಅತ್ತೆ ಮನೆಯಲ್ಲಿ ಗಂಡಸರು ಮಾತಾಡುವಲ್ಲಿ ಕೂತು ಮಾತಾಡುತ್ತಿದ್ದಳು. ಅಪ್ಪ ಎತ್ತು ಬದಲಾಯಿಸುವ ಮುಂಚೆ "ಏನಕ್ಕಾ, ಮಾಡ್ಬುಡನಾ?" ಎಂದು ಅವಳ ಮುಖ ನೋಡುತ್ತಿದ್ದ. ನನ್ನನ್ನು ಮೈಸೂರಿಗೆ ಓದಲು ಕಳಿಸುವ ಮಾತು ಬಂದಾಗ ಅಪ್ಪ ಹಿಂದೆಮುಂದೆ ನೋಡಿದ. "ಓಗ್ಲಿ ಬುಡ್ಲಾ, ನನ್ ಆಡು ಓದುಸ್ತವೆ" ಎಂದವಳು ಅವಳೇ. ನಮ್ಮ ಕಡೆ ತವರಿಗೆ ಮರಳಿದ ವಿಧವೆಯರನ್ನು ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಕೊನೆಯಲ್ಲಿ ಉಣ್ಣುವವರು, ಮೊದಲು ಏಳುವವರು. ನನ್ನ ಅತ್ತೆ ಹಾಗಾಗದೆ ಉಳಿದದ್ದು ಆಡುಗಳಿಂದ, ಇನ್ನು ಯಾತರಿಂದಲೂ ಅಲ್ಲ.

ಅವಳ ಆಡು ಗಟ್ಟಿ ಎಂದು ತೆರಕಣಾಂಬಿಯ ಸಂತೆಯವರೆಗೂ ಹೆಸರು. ಕರಿ ಮೈ, ಗಿಡ್ಡ ಕಿವಿ, ಕಬ್ಬಿಣದಂಥ ಗೊರಸು. ಆಷಾಢದ ಗಾಳಿ ಬೋರೆಯ ಮೇಲೆ ಬೀಸುವಾಗ ಬೇರೆಯವರ ಮರಿಗಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು, ಇವಳವು ಬಂಡೆ ಹತ್ತಿ ನಿಲ್ಲುತ್ತಿದ್ದವು. ಅದು ಅದೃಷ್ಟವಲ್ಲ, ಆಯ್ಕೆ. ಮರಿ ಹುಟ್ಟಿದ ಮೂರು ತಿಂಗಳು ಅವಳು ಏನೂ ಹೇಳುತ್ತಿರಲಿಲ್ಲ, ಬರೀ ನೋಡುವಳು. ಯಾವುದು ತಾಯಿಯ ಹಾಲಿಗಿಂತ ಮುಂಚೆ ಮುಳ್ಳಿಗೆ ಬಾಯಿ ಹಾಕುತ್ತದೆ, ಯಾವುದು ಮಳೆ ಬಂದರೆ ಅರಚುತ್ತದೆ, ಯಾವುದು ಅರಚದೆ ಬಂಡೆಯ ಮರೆಗೆ ಸೇರುತ್ತದೆ. ಬೇಸಿಗೆಯಲ್ಲಿ ಅವಳಿ ಮರಿಗೂ ಸಾಲುವಷ್ಟು ಹಾಲು ಕೆಚ್ಚಲಲ್ಲಿ ಉಳಿಸಿಕೊಳ್ಳುವ ಆಡು ಯಾವುದು. ಆಮೇಲೆ ಒಂದು ಬೆಳಗ್ಗೆ ರೊಪ್ಪದಲ್ಲಿ ನಿಂತು ಬೆರಳು ಮಾಡುವಳು: "ಇದು ಇರ್ಲಿ. ಇದು ಓಗ್ಲಿ. ಇದೂ ಓಗ್ಲಿ. ಇದು ಇರ್ಲಿ."

ವರ್ಷಕ್ಕೆ ಬೀಜಕ್ಕೆಂದು ಒಂದೋ ಎರಡೋ ಗಂಡುಮರಿ ಉಳಿಯುತ್ತಿದ್ದವು, ಮಿಕ್ಕ ಗಂಡೆಲ್ಲ ಮೈ ಕೂಡುವ ಹೊತ್ತಿಗೆ ಹೊರಡುತ್ತಿದ್ದವು. ಬೀಜ ಒಡೆಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಿಂಸೆಯಂತೆ. ನಾನು ನಕ್ಕಿದ್ದೆ, ಕತ್ತು ಕೊಯ್ಯುವವನಿಗೆ ಕೊಡುವುದು ಹಿಂಸೆಯಲ್ಲ, ಇದು ಹಿಂಸೆಯಾ ಎಂದು. ಇಡೀ ಮಂದೆಯ ಗಟ್ಟಿತನ ನಿಂತಿದ್ದುದು "ಓಗ್ಲಿ" ಎಂಬ ಮಾತಿನ ಮೇಲೆ ಎನ್ನುವುದು ಮಾತ್ರ ನನಗೆ ಆಗ ಹೊಳೆಯಲಿಲ್ಲ. ಅರ್ಧ ಹೋದರೆ ತಾನೆ ಉಳಿದರ್ಧ ಆಯ್ದದ್ದಾಗುವುದು?

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುದುಕ ಬಂದಾಗಲೆಲ್ಲ ಅತ್ತೆ ಹಿಂದೆ ಕೊಟ್ಟ ಹೋತಗಳ ಕ್ಷೇಮ ವಿಚಾರಿಸುತ್ತಿದ್ದಳು. ಅವನು ಹೇಳುತ್ತಿದ್ದ. ತಲೆ ತಗ್ಗಿಸಿ, ಗಡ್ಡ ಸವರಿಕೊಂಡು, ಬಹಳ ನಿಧಾನವಾಗಿ.

"ಆ ಬಿಳಿ ಮೂಗಿಂದು ಎಂಗದೆ?"

"ಅದ ಬೇಗೂರ್ ಕಡೆ ಕೊಟ್ಟೆ ಕಣಕ್ಕ. ಎಂಥ ಪುಂಡ ಅಂತೀಯ. ಬಾವಿ ಕಟ್ಟೆ ಅತ್ಬುಟ್ಟು ಇಳೀನಿಲ್ವಂತೆ. ಏಣಿ ತಂದ್ರಂತೆ."

"ಅವರವ್ವನೂ ಅಂಗೆಯಾ," ಎಂದು ಅತ್ತೆ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು. "ಬಡ್ಡೆತ್ತದ್ದು, ಇಳಿಯೋದ್ ಕಲೀನೇ ಇಲ್ಲ."

ಬಿಳಿ ಮೂಗಿನದು ಸತ್ತು ಆಗ ಆರು ತಿಂಗಳಾಗಿರಬೇಕು. ಸತ್ತ ಹೋತಗಳಿಗೆ ಆ ಮುದುಕ ಗುಂಡ್ಲುಪೇಟೆ ಸೀಮೆಯ ತುಂಬ ಸಂಸಾರ ಕಟ್ಟಿಕೊಟ್ಟಿದ್ದ. ಒಂದಕ್ಕೆ ಒಡತಿಯ ಬಳೆ ಸದ್ದು ಕೇಳದೆ ಮೇವು ಸೇರುತ್ತಿರಲಿಲ್ಲ, ಇನ್ನೊಂದು ಶಾಲೆಯ ಅಂಗಳಕ್ಕೆ ಹೋಗಿ ಮಕ್ಕಳ ಬುತ್ತಿ ಮೂಸುತ್ತಿತ್ತು. ನಾನು ಚಿಕ್ಕವನಾಗಿದ್ದಾಗ ಜಗಲಿಯ ಕಂಬಕ್ಕೆ ಒರಗಿ ಅವೆಲ್ಲವನ್ನೂ ನಂಬಿ ಕೇಳಿದ್ದೆ. ನಂಬಿದ್ದೆನಲ್ಲ ಎಂಬ ಸಿಟ್ಟು ದೊಡ್ಡವನಾದ ಮೇಲೆ ಬಂತು. ಮೋಸ ಹೋದವನ ಸಿಟ್ಟು ಅದು, ಸತ್ಯದ ಮೇಲಿನ ಪ್ರೀತಿಯಲ್ಲ. ಎರಡನ್ನೂ ಬೇರೆ ಮಾಡಿ ನೋಡುವ ತಾಳ್ಮೆ ಇರಲಿಲ್ಲ.

ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ನಾನು ಕಾಲೇಜಿನ ಚರ್ಚಾಕೂಟಕ್ಕೆ ಸೇರಿದೆ. ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದೇ ಗುಟ್ಟು ಕಲಿಸಿದ್ದರು. ಎದುರಾಳಿಗೆ ಮಾತು ಬೆಳೆಸಲು ಬಿಡಬಾರದು. ಪ್ರಶ್ನೆಯನ್ನು ಕಡಿದು ಕಡಿದು ಹೂಂ ಅಥವಾ ಊಹೂಂ ಎನ್ನುವುದಷ್ಟೇ ಉಳಿಯುವಂತೆ ಮಾಡಬೇಕು. ನನಗೆ ಅದು ಬೇಗ ಕೈವಶವಾಯಿತು. ಎರಡನೆಯ ವರ್ಷದ ದಸರಾ ರಜಕ್ಕೆ ಒಂದು ಬೆಳ್ಳಿ ಬಣ್ಣದ ಬಟ್ಟಲು ಗೆದ್ದುಕೊಂಡು ಊರಿಗೆ ಬಂದೆ.

ಅತ್ತೆ ಅದನ್ನು ತಿರುಗಿಸಿ ನೋಡಿದಳು. "ಏನ್ಲಾ ಮಾಡ್ದೆ ಇದಕ್ಕೆ?"

"ಮಾತಾಡ್ದೆ."

"ಬರೀ ಮಾತಿಗಾ?"

"ದೇವರು ಇಲ್ಲ ಅಂತ ಮಾತಾಡ್ದೆ."

"ಅಯ್ಯೋ ಮೂದೇವಿ," ಎಂದು ನಕ್ಕಳು. "ದೇವ್ರು ಇಲ್ದಿದ್ರೆ ಬಟ್ಲು ಯಾರ್ಲಾ ಕೊಟ್ಟೋರು?" ಅಂಗಳದಲ್ಲಿದ್ದವರೆಲ್ಲ ನಕ್ಕರು, ಅವ್ವನೂ ನಕ್ಕಳು. ಅಪ್ಪನಂತೂ ಆ ಮಾತನ್ನು ಸಂಜೆಯೊಳಗೆ ನಾಲ್ಕು ಜನಕ್ಕೆ ಹೇಳಿದ. ನನಗೂ ನಗು ಬಂತು, ಒಳಗೆ ಚುಚ್ಚಿತೂ ಕೂಡ. ನಲವತ್ತು ಜನ ಎದುರಾಳಿಗಳನ್ನು ಮಣಿಸಿದವನು ಆಡು ಕಾಯುವ ಹೆಂಗಸಿನ ಒಂದು ಮಾತಿಗೆ ಸೋತೆನಲ್ಲ ಎಂದು. ಆಮೇಲೆ ನಡೆದದ್ದಕ್ಕೆ ಇದೇ ಕಾರಣ ಎನ್ನಲಾರೆ. ಇದಲ್ಲ ಎಂದೂ ಎನ್ನಲಾರೆ.

ಮೂರನೆಯ ದಿನ ಬೆಳಗ್ಗೆ ಮುದುಕ ಬಂದ. ಅತ್ತೆ ಎರಡು ಹೋತಗಳನ್ನು ಗೊತ್ತು ಮಾಡಿ ಕಟ್ಟಿದ್ದಳು, ಸೊಪ್ಪು ಮುರಿದು ತಂದಿದ್ದಳು. ಪ್ರಶ್ನೆ ಕೇಳಿದಳು, ಅವನು ಉತ್ತರಿಸಿ ತನ್ನ ಹಗ್ಗ ಹಾಕಿದ. ಅವಳು ಹಳೆಯ ಹೋತಗಳ ಸುದ್ದಿ ಎತ್ತಿದಳು: ಹಿಂದಿನ ಉಗಾದಿಯಲ್ಲಿ ಕೊಟ್ಟ ಕೋಡು ಮುರಿದದ್ದು ಹೇಗಿದೆ?

"ಚೆಂದಾಗದೆ ಕಣಕ್ಕ. ತೆರಕಣಾಂಬಿ ದಾರೀಲಿ ಒಂದು ತೋಟದ ಮನೆ ಅದೆ. ಅಲ್ಲಿ ಅದೆ."

ನಾನು ಜಗಲಿಯ ಮೇಲೆ ಕೂತಿದ್ದವನು ಕೇಳಿದೆ, "ಯಾವ ತೋಟ?"

ಮುದುಕ ನನ್ನ ಕಡೆ ತಿರುಗಿ ನಕ್ಕ. "ಏನ್ ಬುದ್ದಿ, ರಜವಾ?"

"ತೆರಕಣಾಂಬಿ ದಾರೀಲಿ ನಾನು ಚಿಕ್ಕಂದಿನಿಂದ್ಲೂ ಓಡಾಡಿದೀನಿ. ಯಾವ ತೋಟ?"

"ಅದೇ, ದಾರಿ ಒಳಕ್ಕೆ ವಸಿ ದೂರ..."

"ಎಡಕ್ಕೋ ಬಲಕ್ಕೋ?"

ಅವನು ಅತ್ತೆಯ ಕಡೆ ನೋಡಿದ. ಅತ್ತೆ, "ಬುಡ್ಲಾ, ನಿಂಗ್ಯಾಕೆ?" ಎಂದಳು, ನಗುತ್ತಲೇ.

"ಇರು ಅತ್ತೆ." ಮುದುಕನತ್ತ ತಿರುಗಿದೆ. "ನೀವು ನಮ್ಮನೆಯಿಂದ ವರ್ಷಕ್ಕೆ ಹದಿನೈದು ಹೋತ ತಗಂಡೋಗ್ತೀರಿ. ಅದ್ರಲ್ಲಿ ಒಂದನ್ನ ತೋರ್ಸಿ. ಇವತ್ತೇ ಬರ್ತೀನಿ, ಬಸ್ ಚಾರ್ಜು ನಂದು. ಒಂದೇ ಒಂದು."

"ಬುದ್ದಿ, ಸಣ್ಣೋರು ನೀವು..."

"ಹೂಂ ಅನ್ನಿ, ಇಲ್ಲಾಂದ್ರೆ ಊಹೂಂ ಅನ್ನಿ. ಒಂದಾದ್ರೂ ಬದುಕಿದೆಯಾ?"

ಅಪ್ಪ ಕೊಟ್ಟಿಗೆಯಿಂದ "ಏಯ್" ಎಂದ. ನಾನು ಎದ್ದು ನಿಂತೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ: ವೇದಿಕೆಯ ಮೇಲೆ ನಿಲ್ಲುವ ಹಾಗೆಯೇ, ಒಂದು ಕೈ ಹಿಂದಕ್ಕೆ ಕಟ್ಟಿ ನಿಂತೆ.

"ಕೋಡು ಮುರಿದದ್ದನ್ನ ಕಡಿದ್ರಿ ತಾನೆ?"

ಆ ಮುದುಕ ಬೇಕಿದ್ದರೆ ಇನ್ನೊಂದು ಸುಳ್ಳು ಹೇಳಬಹುದಿತ್ತು. ಹೇಳುತ್ತಿದ್ದನೇನೋ, ಆದರೆ ಅಷ್ಟು ಹೊತ್ತಿಗೆ ಅವನ ಕಣ್ಣು ತುಂಬಿತ್ತು, ಅವಮಾನವೋ ಸಿಟ್ಟೋ. ತಲೆ ಎತ್ತದೆ "ಹೂಂ" ಎಂದ.

ಅತ್ತೆಯ ಕೈಯಲ್ಲಿ ಸೊಪ್ಪು ಹಾಗೇ ಇತ್ತು. ಹೋತ ಕತ್ತು ಚಾಚಿ ಅದನ್ನು ಎಳೆದು ಎಳೆದು ತಿನ್ನುತ್ತಿತ್ತು. ಅವಳು ಯಾರನ್ನೂ ನೋಡಲಿಲ್ಲ. ಸೊಪ್ಪು ಮುಗಿಯುವವರೆಗೆ ನಿಂತಿದ್ದು, ಮುದುಕ ಹಾಕಿದ್ದ ಹಗ್ಗವನ್ನು ಬಿಚ್ಚಿ ಅವನ ಮುಂದೆ ಇಟ್ಟು, ಎರಡೂ ಹೋತಗಳನ್ನು ರೊಪ್ಪದ ಒಳಕ್ಕೆ ಬಿಟ್ಟಳು. ಮುದುಕ ಚಪ್ಪಲಿ ಮೆಟ್ಟಿಕೊಂಡು, "ನಾ ಬತ್ತೀನಿ ಕಣಕ್ಕ" ಎಂದು ಅಂಗಳ ದಾಟಿದ.

ಅಪ್ಪ ನನ್ನನ್ನು ಬೈದ. ನಾನು ವಾದಿಸಿದೆ. ಅವಳಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದರೆ ನಾನು ಹೊಸದೇನು ಹೇಳಿದೆ? ಗೊತ್ತಿಲ್ಲದಿದ್ದರೆ ತಿಳಿಯುವ ಹಕ್ಕು ಅವಳಿಗಿಲ್ಲವಾ? ಎರಡು ಕಡೆಯಿಂದಲೂ ಬಿಗಿದ ವಾದ, ನುಸುಳಲು ಸಂದಿಲ್ಲ. ಅಪ್ಪ, "ನೀನು ಓದಿದ್ದು ಸಾಕು" ಎಂದು ಎದ್ದು ಹೋದ.

ಮಾರನೆಯ ದಿನ ಬೋರೆಯ ಮೇಲೆ ಅತ್ತೆಯ ಹತ್ತಿರ ಹೋಗಿ ಕೂತೆ. ಆಡುಗಳು ಕಾರೆ ಮುಳ್ಳಿನಲ್ಲಿ ತಲೆ ತೂರಿಸಿ ಮೇಯುತ್ತಿದ್ದವು. ಅವಳೇ ಮಾತು ತೆಗೆದಳು.

"ಗೊತ್ತಿತ್ತು ಕಣ್ಲಾ. ನಂಗೇನ್ ಕಣ್ಣಿಲ್ವಾ?"

"ಮತ್ಯಾಕತ್ತೆ..."

"ಅಂವ ಅನ್ನೋನು, ನಾನು ಕೇಳೋಳು. ಅಂವ ಅಂದ್ಮೇಲೆ ನಂಗೆ ಕೈ ಬರೋದು, ಅಗ್ಗ ಬಿಚ್ಚೋಕೆ." ಕೈಯನ್ನು ಮುಂದೆ ಚಾಚಿ ಬೆರಳುಗಳನ್ನೇ ನೋಡಿಕೊಂಡಳು. "ಈಗ ಏನಂತ ಬಿಚ್ಲಿ, ಯೋಳು. ನೀ ಓದ್ದೋನಲ್ವಾ, ಯೋಳು."

ರಜ ಮುಗಿದು ಮೈಸೂರಿಗೆ ಹೊರಟೆ. ನಾಲ್ಕು ದಿನ ಮುನಿಸು, ಆಮೇಲೆ ಸರಿಹೋಗುತ್ತದೆ ಎಂದೇ ನಾನು ತಿಳಿದದ್ದು.

ಮುದುಕ ಎರಡು ಸಲ ಬಂದನಂತೆ. ಮೊದಲ ಸಲ ಅವಳು ಕೇಳದಿದ್ದರೂ ತಾನಾಗಿಯೇ "ಸಾಕೋಕೆ ಕಣಕ್ಕ" ಎಂದನಂತೆ. "ಬ್ಯಾಡ ಕಣಣ್ಣ, ವಯಸ್ಸಾದೋನು ನೀನು. ನನ್ನಿಂದ ಸುಳ್ಳು ಯೋಳ್ಬ್ಯಾಡ" ಎಂದಳಂತೆ. ಎರಡನೆಯ ಸಲ ಕೂತು ನೀರು ಕುಡಿದು ಹೋದ. ಆಮೇಲೆ ಬರಲಿಲ್ಲ.

ನಿಜವಾಗಿ ಸಾಕುವವರಿಗೆ ಕೊಡುತ್ತೇನೆಂದು ಅತ್ತೆ ಹೊರಟಳು. ಉಡಿಗಾಲದ ಒಬ್ಬ ರೈತ ಮಂದೆಗೆ ಬೀಜದ ಹೋತ ಬೇಕೆಂದ. ಅವನು ಸುಳ್ಳುಗಾರನಲ್ಲ, ಅವನಿಗೆ ಬೇಕಾದದ್ದು ಬೀಜಕ್ಕೇ. ಕೊಟ್ಟಳು. ಮುಂಚಿನ ಅತ್ತೆಯಾದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಎರಡು ತಿಂಗಳಾದ ಮೇಲೆ ಅಷ್ಟು ದೂರ ನಡೆದು ಹೋಗಿ "ನನ್ನೋತ ಎಲ್ಲಿ, ತೋರ್ಸು" ಎಂದು ಅವನ ಅಂಗಳದಲ್ಲಿ ನಿಂತಳು. ಮಗಳ ಮದುವೆಯ ಬೀಗರ ಊಟಕ್ಕೆ ಅದು ಆಗಿಹೋಗಿತ್ತು. ಅವನು ಮುಚ್ಚಿಡಲೂ ಇಲ್ಲ, ಹೋತವಲ್ಲವೇ ಎಂದ. ಅವಳು ಹಿಂದಕ್ಕೆ ನಡೆದು ಬಂದು ಆ ದಿನ ಉಣ್ಣಲಿಲ್ಲವೆಂದು ಅವ್ವ ಹೇಳಿದಳು. ಕೇಳುವುದನ್ನೂ, ಸಾಕ್ಷಿ ತೋರಿಸು ಎನ್ನುವುದನ್ನೂ ಅವಳು ನನ್ನಿಂದಲೇ ಕಲಿತಿದ್ದಳು. ಇನ್ನು ಯಾರಿಗೂ ಕೊಡಲಿಲ್ಲ.

ಬೇಸಿಗೆ ರಜಕ್ಕೆ ಬಂದಾಗ ರೊಪ್ಪ ನೋಡಿ ಗಾಬರಿಯಾಯಿತು. ಹೋಗಬೇಕಾಗಿದ್ದ ಗಂಡೆಲ್ಲ ಅಲ್ಲೇ ಇದ್ದವು. ದಿನವಿಡೀ ಕೋಡಿಗೆ ಕೋಡು ಹೊಡೆಯುವ ಸದ್ದು, ಗಬ್ಬು ವಾಸನೆ. ಬಸುರಿ ಆಡುಗಳನ್ನು ಮೇಯಲು ಬಿಡದೆ ಅಟ್ಟಾಡಿಸುತ್ತಿದ್ದವು. ಇನ್ನೂ ಮೈ ಕೂಡದ ಹೆಣ್ಣುಮರಿಗಳು ಗಬ್ಬವಾಗಿದ್ದವು. ಅವುಗಳಲ್ಲಿ ಎರಡು, ಮರಿ ಹಾಕಲಾರದೆ ಸತ್ತಿದ್ದವು. ಇನ್ನೊಂದನ್ನು ನಾನು ಬಂದ ವಾರವೇ ನೋಡಿದೆ. ಅತ್ತೆ ಎಣ್ಣೆ ಹಚ್ಚಿದ ಕೈಯಿಂದ ಒಂದು ಬೆಳಗೆಲ್ಲ ಹೆಣಗಿದಳು. ಮರಿಯೂ ಬದುಕಲಿಲ್ಲ, ತಾಯಿಯೂ ಬದುಕಲಿಲ್ಲ. ತಾಯಿ ಎಂದರೆ ಅದೂ ಮರಿಯೇ. ಬೋರೆಯ ಸೊಪ್ಪು ಮುಗಿದು ಆಡುಗಳು ಪಕ್ಕದ ಹುರುಳಿ ಹೊಲಕ್ಕೆ ನುಗ್ಗತೊಡಗಿದ್ದವು. ಹೊಲದವರು ಹಿಡಿದು ಬೀಡಾಡಿ ದನದ ದೊಡ್ಡಿಗೆ ಹಾಕಿಸುವುದು, ಅಪ್ಪ ಹೋಗಿ ಬಿಡಿಸಿಕೊಂಡು ಬರುವುದು. ಗಟ್ಟಿ ಆಡು ಎಂದು ಯಾರೂ ಈಗ ಅನ್ನುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಬೆರಳು ಮಾಡಿ ಆಯ್ದ ತಳಿ ಒಂದು ವರ್ಷ ತುಂಬುವ ಮೊದಲೇ ಕಲಸಿಹೋಗಿತ್ತು.

ಆ ರಜದಲ್ಲಿ ನಾನು ನನ್ನ ಬದುಕಿನ ಅತ್ಯುತ್ತಮ ಭಾಷಣ ಮಾಡಿದೆ, ಬೋರೆಯ ಬಂಡೆಯ ಮೇಲೆ, ಕೇಳುವ ಒಬ್ಬಳೇ ಒಬ್ಬಳಿಗೆ. ಚರ್ಚಾಕೂಟದಲ್ಲಿ ಎರಡು ಪಕ್ಷವನ್ನೂ ವಾದಿಸಲು ಕಲಿಸುತ್ತಾರೆ. ನಾನು ಸುಳ್ಳಿನ ಪಕ್ಷ ಹಿಡಿದೆ. ಎಲ್ಲರಿಗೂ ಗೊತ್ತಿರುವುದನ್ನು ಮರೆಮಾಡುವುದು ಮೋಸವಲ್ಲ, ಮರ್ಯಾದೆ ಎಂದೆ. ಸತ್ತವರ ಮನೆಗೆ ಹೋದಾಗ ಇದ್ದುದನ್ನು ಇದ್ದ ಹಾಗೆ ಹೇಳುತ್ತೇವಾ ಎಂದು ಕೇಳಿದೆ. ಆ ಮುದುಕ ಹೋತದ ಕಥೆ ಕಟ್ಟುತ್ತಿದ್ದುದು ಲಾಭಕ್ಕಲ್ಲ, ಪ್ರೀತಿಗೆ ಎಂದೆ. ನೀನು ಮಾರದಿದ್ದರೆ ಹೆಣ್ಣುಮರಿಗಳು ಸಾಯುತ್ತವೆ, ಆ ಪಾಪ ಯಾರದ್ದು ಎಂದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂತು.

ಅತ್ತೆ ಪೂರ್ತಿ ಕೇಳಿದಳು. "ಚೆಂದಾಗ್ ಮಾತಾಡ್ತೀಯ ಕಣ್ಲಾ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. "ಅವತ್ತೂ ಚೆಂದಾಗೇ ಮಾತಾಡ್ದೆ."

"ಅಂಗಾದ್ರೆ ಆ ಮುದುಕನ್ನ ಕರ್ಕಬರ್ಲಾ? ನಾನೇ ಕಾಲಿಗೆ ಬಿದ್ದು ಕರ್ಕಬತ್ತೀನಿ."

"ಬಂದು?"

"ಬಂದು... ಮುಂಚಿನಂಗೆ."

"ಮುಂಚಿನಂಗೆ ಅಂವ ಅಂದಾನು. ಕೇಳೋ ಕಿವಿ ಎಲ್ಲಿ ತರ್ಲಿ?"

ಆದರೂ ಹೋದೆ. ಗುಂಡ್ಲುಪೇಟೆಯ ಅಂಗಡಿಯಲ್ಲಿ ಮುದುಕ ನನಗೆ ಸ್ಟೂಲು ಹಾಕಿಸಿ ಕೂರಿಸಿದ, ಟೀ ತರಿಸಿದ. ಬೈಯಲಿಲ್ಲ. ನಾನು ತಪ್ಪಾಯಿತು ಎಂದೆ. "ನಂಗೂ ಹೆಣ್ಮಕ್ಳು ಅವ್ರೆ ಬುದ್ದಿ," ಎಂದ. "ಅವತ್ತು ಅವ್ರ ಮುಂದೆ ಯೋಳ್ದೆ, ನಿಮ್ಮಪ್ಪ ಇವತ್ತು ಆ ಅಕ್ಕನ ಮುಂದೆ ಹೂಂ ಅಂದ್ಬುಟ್ಟ ಅಂತ. ಇನ್ ನಾನು ಆ ಮನೆ ಬಾಗ್ಲಿಗೆ ಎಂಗೆ ಬರ್ಲಿ?" ನಾನು ಟೀ ಕುಡಿದು ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹುರುಳಿ ಹೊಲದವರು ಅಪ್ಪನ ಮೇಲೆ ಪಂಚಾಯಿತಿ ಕೂರಿಸಿದರು. ನಾನು ದಸರಾಕ್ಕೆ ಬಂದಿದ್ದೆ. ಪಂಚಾಯಿತಿಯಿಂದ ಬಂದ ಅಪ್ಪ ಅಂಗಳದಲ್ಲೇ ನಿಂತು, "ಏನ್ಮಾಡನಕ್ಕಾ?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಅತ್ತೆ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ, "ನಿಮ್ಮ ಆಡು. ನಿಮಗೆಂಗೆ ತೋಚ್ತದೋ ಅಂಗೆ ಮಾಡಿ," ಎಂದಳು.

ನಿಮ್ಮ ಆಡು. ನನ್ನ ಇಪ್ಪತ್ತು ವರ್ಷದಲ್ಲಿ ಆ ಆಡುಗಳನ್ನು "ನನ್ನ" ಎಂದಲ್ಲದೆ ಅವಳು ಕರೆದದ್ದು ನಾನು ಕೇಳಿರಲಿಲ್ಲ. ತಮ್ಮನಿಗೆ ಅವಳು ಬಹುವಚನ ಹಚ್ಚಿದ್ದನ್ನೂ ಕೇಳಿರಲಿಲ್ಲ. ಅಪ್ಪನಿಗೂ ಅದು ತಾಕಿತು. ಅವಳ ಮುಖ ನೋಡದೆ ಒಳಗೆ ಹೋದ.

ತೆರಕಣಾಂಬಿಯ ಸಂತೆಗೆ ಇಡೀ ಮಂದೆಯನ್ನು ಹೊಡೆದುಕೊಂಡು ಹೋಗುವುದೆಂದು ಆಯಿತು. ಕೇರಳದ ಕಡೆಯ ವ್ಯಾಪಾರಿಗಳು ಅಲ್ಲಿಗೆ ಬರುತ್ತಿದ್ದರು, ಒಟ್ಟಿಗೆ ಕೊಳ್ಳುತ್ತಿದ್ದರು, ಏನನ್ನೂ ಕೇಳುತ್ತಿರಲಿಲ್ಲ, ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಬೆಳಗ್ಗೆ ಅಪ್ಪ, ನಾನು, ಒಬ್ಬ ಆಳು ರೊಪ್ಪದ ಬಾಗಿಲು ತೆಗೆದೆವು. ಆಡುಗಳು ಹೊರಗೆ ಬಂದವು, ನೇರ ಬೋರೆಯ ಕಡೆ ತಿರುಗಿದವು. ನಾವು ಅಡ್ಡ ಓಡಿದೆವು. ಕೋಲು ಬೀಸಿದೆವು. ನಾನು ಅತ್ತೆಯ ಹಾಗೆ ನಾಲಗೆ ಮಡಿಸಿ ಕೂಗಿದೆ, ಒಂದೂ ಕಿವಿ ಅಲುಗಿಸಲಿಲ್ಲ. ಇಪ್ಪತ್ತು ಹೋತಗಳು ಮೂವರು ಗಂಡಸರನ್ನು ಊರ ಮುಂದೆ ಕುಣಿಸಿದವು. ಜಗಲಿಯ ಮೇಲಿದ್ದವರು ನಗುತ್ತಿದ್ದರು. "ಚೆರ್ಚೆ ಮಾಡ್ಲಾ ಅವ್ರತಾವ," ಎಂದು ಯಾರೋ ಕೂಗಿದರು.

ಕೊನೆಗೆ ಅತ್ತೆ ಒಳಗಿಂದ ಬಂದಳು. ಯಾರನ್ನೂ ನೋಡದೆ ತೆರಕಣಾಂಬಿಯ ದಾರಿಗೆ ಇಳಿದು, ಗಂಟಲಲ್ಲೇ ಒಂದು ಸದ್ದು ಮಾಡಿದಳು. ಮಂದೆ ತಿರುಗಿ ಅವಳ ಹಿಂದೆ ಬಿತ್ತು.

ಎರಡು ಮೈಲಿ ಹಾಗೆಯೇ ನಡೆದೆವು. ಮುಂದೆ ಅವಳು, ಅವಳ ಹಿಂದೆ ಆಡುಗಳು, ಕೊನೆಯಲ್ಲಿ ನಾವು. ಬೀಜಕ್ಕೆಂದು ಕೊನೆಯ ಸಲ ಆಯ್ದಿದ್ದ ದೊಡ್ಡ ಕರಿ ಹೋತ ಅವಳ ಸೀರೆಯ ಅಂಚನ್ನು ಆಗಾಗ ಮೂಸುತ್ತಿತ್ತು. ಯಾವ ಹೋತ ಅಂಗಳ ದಾಟುವುದನ್ನೂ ನೋಡದವಳು ಅವನ್ನೆಲ್ಲ ತಾನೇ ಕರೆದುಕೊಂಡು ಹೋಗುತ್ತಿದ್ದಳು. "ಅತ್ತೆ, ಸಾಕು, ಇಲ್ಲಿಂದ ನಾವು ಹೊಡ್ಕೊಂಡೋಗ್ತೀವಿ" ಎಂದು ನಾನು ಎರಡು ಸಲ ಹತ್ತಿರ ಓಡಿ ಹೇಳಿದೆ. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ನಡೆಯುತ್ತಲೇ ಇದ್ದಳು.

ಸಂತೆಯಲ್ಲಿ ವ್ಯಾಪಾರಿ ಮಲಯಾಳಂನಲ್ಲಿ ಏನೋ ಹೇಳಿ, ಆಡುಗಳ ಬೆನ್ನು ಒತ್ತಿ ನೋಡಿ, ಮುಖ ಹುಳ್ಳಗೆ ಮಾಡಿ, ಒಪ್ಪಿದ. ಅಪ್ಪ ಒಪ್ಪಿದ. ಅತ್ತೆ ಹಿಂದಕ್ಕೆ ತಿರುಗಿದಳು. ತಿರುಗಿದ ಕೂಡಲೇ ಇಡೀ ಮಂದೆಯೂ ತಿರುಗಿತು. ವ್ಯಾಪಾರಿಯ ಆಳುಗಳು ಬೈಯುತ್ತ ಕೋಡು ಹಿಡಿದು, ಕಾಲು ಹಿಡಿದು ಎಳೆದರು. ಮರಿಗಳು ಅರಚಿದವು. ಅವಳು ಒಮ್ಮೆ ನಿಂತಳು, ಬೆನ್ನು ನಮ್ಮ ಕಡೆಗೇ ಇತ್ತು. ಆಮೇಲೆ ನಡೆದಳು. ಓಡಿದಳು ಎಂದರೂ ಸರಿಯೇ. ಅವಳು ಕಣ್ಣಿಗೆ ಮರೆಯಾಗುವವರೆಗೂ ಅವು ಅತ್ತಲೇ ಜಗ್ಗುತ್ತಿದ್ದವು.

ಇದಾಗಿ ಎರಡು ವರ್ಷ. ಆ ದುಡ್ಡು ಅಪ್ಪನ ಪೆಟ್ಟಿಗೆ ಸೇರಿತು, ಅವಳು ಕೇಳಲಿಲ್ಲ, ಅವನು ಕೊಡಲಿಲ್ಲ. ಅಪ್ಪ ಕೆಟ್ಟವನಲ್ಲ, ಅವ್ವನೂ ಕೆಟ್ಟವಳಲ್ಲ. ಯಾರೂ ಅವಳನ್ನು ಒಂದು ಮಾತು ಅಂದಿಲ್ಲ. ಅವಳಾಗಿಯೇ ಅಡುಗೆಮನೆಯ ಹಿಂದಿನ ಜಾಗಕ್ಕೆ ಸರಿದಳು. ಮುಸುರೆ ತಿಕ್ಕುತ್ತಾಳೆ, ರಾಗಿ ಬೀಸುತ್ತಾಳೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ. ಹಿಂದಿನ ಸಂಕ್ರಾಂತಿಗೆ ಎತ್ತು ಬದಲಾಯಿಸಿದರು. ಅವಳು ಅಂಗಳ ಗುಡಿಸುತ್ತಿದ್ದಳು, ಹೊಸ ಎತ್ತು ಒಳಗೆ ಬಂದಾಗ ಪೊರಕೆ ಹಿಡಿದು ಪಕ್ಕಕ್ಕೆ ನಿಂತಳು.

ಪೂರ್ವಪಕ್ಷದವರು ಕೇಳಬಹುದು: ಆ ಮಂದೆ ಹೇಗಿದ್ದರೂ ಒಂದು ದಿನ ಹೋಗುತ್ತಿರಲಿಲ್ಲವೇ, ಅವಳಿಗೆ ವಯಸ್ಸಾಗುತ್ತಿರಲಿಲ್ಲವೇ? ಆಗುತ್ತಿತ್ತು. ನಾನು ಹೇಳಿದ್ದು ಸತ್ಯವಾಗಿರಲಿಲ್ಲವೇ? ಸತ್ಯವೇ. ಅದನ್ನು ನಾನು ಇವತ್ತಿಗೂ ಬಿಟ್ಟುಕೊಡಲಾರೆ. ಬಿಟ್ಟುಕೊಡಲು ಬರುವ ಹಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ, ತಪ್ಪಾಯಿತು ಎಂದು ಮುಗಿಸಬಹುದಿತ್ತು.

ಈಗ ನಾನು ಚಾಮರಾಜನಗರದಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದೇನೆ. ಹೋದ ತಿಂಗಳು ಊರಿಗೆ ಹೋಗಿದ್ದೆ. ಹೊರಡುವಾಗ ಅತ್ತೆ ಬಸ್ ನಿಲ್ಲುವ ಕಡೆಗೆ ನನ್ನ ಹಿಂದೆಯೇ ಬಂದಳು. ಕಳಿಸಲು ಬಂದಳೆಂದುಕೊಂಡೆ. ಮನೆಯ ತಿರುವು ದಾಟಿದ ಮೇಲೆ, ಅವ್ವ ಬಾಗಿಲಲ್ಲಿ ಇದ್ದಾಳಾ ಎಂದು ಒಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

"ಏನಾರ ಇದ್ರೆ ಎಲೆ ಅಡಿಕೆಗೆ ಕೊಡ್ತೀಯೇನಪ್ಪ?"

ಮುಂಚಿನ ಹಾಗೆ "ಲಾ" ಹಚ್ಚಿ ಕೊಡು ಅನ್ನಲಿಲ್ಲ. ಅಪ್ಪ ಎಂದಳು, ಕೊಡುತ್ತೀಯೇನು ಎಂದಳು. ನಾನು ಜೇಬಿನಲ್ಲಿ ಇದ್ದುದನ್ನೆಲ್ಲ ತೆಗೆದು ಅವಳ ಅಂಗೈಗೆ ಹಾಕಿದೆ. ಅವಳು ಅದರಲ್ಲಿ ಒಂದೇ ಒಂದು ನಾಣ್ಯ ಆರಿಸಿಕೊಂಡು ಮಿಕ್ಕದ್ದನ್ನು ನನ್ನ ಕೈಗೇ ತಿರುಗಿ ಸುರಿದಳು.

"ಇಷ್ಟೊಂದು ಯಾಕಪ್ಪ. ನಂದೇನು ಖರ್ಚದೆ."

ಬಸ್ಸು ಬಂತು. ನಾನು ಹತ್ತಿ ಕೂತೆ. ಅವಳು ರಸ್ತೆಯ ಪಕ್ಕದಲ್ಲಿ ನಿಂತು ಆ ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಅಭ್ಯಾಸವಿಲ್ಲದ ಕೈ, ಗಂಟು ಕೂರಲಿಲ್ಲ. ಬಿಚ್ಚಿ ಮತ್ತೆ ಹಾಕತೊಡಗಿದಳು.